ಮಳೆಗಾಲದಲ್ಲಿ ನಿಂತ ಪಿಕಪ್ಪಿನ ಬ್ಯಾಟರಿ

ಆಯುಧಪೂಜೆಯ ದಿನ ಗಾಡಿ ತೊಳೆದಾಗಿದೆ, ಚೆಂಡುಹೂವಿನ ಹಾರ ಹಾಕಿಯಾಗಿದೆ, ಚಕ್ರದಡಿ ನಿಂಬೆಹಣ್ಣು ಕಾಯುತ್ತಿದೆ. ಸೆಲ್ಫ್ ಹೊಡೆದರೆ ‘ಟಕ್’ ಎಂಬ ಒಂದೇ ಸದ್ದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಿಗೆ ಇದು ಹೊಸತಲ್ಲ. ಜೂನ್‌ನಲ್ಲಿ ಮಳೆ ಹಿಡಿದರೆ ಪಿಕಪ್ಪಿಗೆ ಕೆಲಸವಿಲ್ಲ. ಹಿಂದಿನ ಸಾಲಿನ ಅಡಿಕೆ ಮಂಡಿಗೆ ಹೋಗಿಯಾಗಿರುತ್ತದೆ, ಮುಂದಿನ ಕೊಯ್ಲು ದೂರ. ಗಾಡಿ ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ಮೂರು ತಿಂಗಳು ನಿಂತೇ ಇರುತ್ತದೆ. ಅಷ್ಟು ದಿನ ಬ್ಯಾಟರಿ ಕಾಯಲು ಬೇಕಾದ್ದು ಮೇಂಟೇನರ್ ಎಂಬ ಸಣ್ಣ ಚಾರ್ಜರ್; ಏಕೆ, ಹೇಗೆ ಎಂಬುದು ಮುಂದಿದೆ.

ಗಾಡಿ ನಿಂತಿದ್ದರೂ ಬ್ಯಾಟರಿಯ ಖರ್ಚು ನಿಲ್ಲುವುದಿಲ್ಲ. ಗಡಿಯಾರ, ಇಂಜಿನ್‌ನ ಕಂಪ್ಯೂಟರ್, ಹೊರಗಿನಿಂದ ಹಾಕಿಸಿದ ಸ್ಟೀರಿಯೊ, ಜಿಪಿಎಸ್ ಇವೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಎಳೆಯುವುದು ಸಾಮಾನ್ಯ. 30 ಎಂದೇ ಹಿಡಿಯಿರಿ. ದಿನಕ್ಕೆ 0.72 ಆಂಪಿಯರ್-ಅವರ್ (ಒಂದು ಆಂಪಿಯರ್‌ನಂತೆ ಒಂದು ಗಂಟೆ ಎಳೆದರೆ ಒಂದು ಆಂಪಿಯರ್-ಅವರ್), ವಾರಕ್ಕೆ 5. ಬ್ಯಾಟರಿ ತನ್ನೊಳಗೇ ಸೋರಿಸಿಕೊಳ್ಳುವುದನ್ನೂ ಸೇರಿಸಿದರೆ ವಾರಕ್ಕೆ 6ರ ಹತ್ತಿರ. 75 ಆಂಪಿಯರ್-ಅವರ್ ಬ್ಯಾಟರಿ ಒಂದೂವರೆ ತಿಂಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆರಿದ್ರೆಯಲ್ಲಿ ನಿಲ್ಲಿಸಿದ ಗಾಡಿ ಆಶ್ಲೇಷದ ಹೊತ್ತಿಗೆ ಅಲ್ಲಿಗೆ ಬಂದಿರುತ್ತದೆ.

‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕು’ ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಲೆಕ್ಕ ಮಾಡೋಣ. ಸ್ಟಾರ್ಟರ್ 200 ಆಂಪಿಯರ್‌ನಂತೆ 3 ಸೆಕೆಂಡ್ ಎಳೆದರೆ ಖರ್ಚು 0.17 ಆಂಪಿಯರ್-ಅವರ್ ಮಾತ್ರ, ಅದು ದೊಡ್ಡದಲ್ಲ. ಆದರೆ ಇಂಜಿನ್ ಸುಮ್ಮನೆ ಗುರುಗುಡುತ್ತಿರುವಾಗ, ಅದರಿಂದ ತಿರುಗಿ ಕರೆಂಟ್ ಮಾಡುವ ಆಲ್ಟರ್ನೇಟರ್‌ನಿಂದ ಬ್ಯಾಟರಿಗೆ 10–15 ಆಂಪಿಯರ್ ಹೋಯಿತೆಂದರೂ ಐದು ನಿಮಿಷದ ಗಳಿಕೆ ಒಂದು ಆಂಪಿಯರ್-ಅವರ್‌ನ ಆಸುಪಾಸು. ಆರು ಹೋದ ಕಡೆ ಒಂದು ಬಂತು. ಜೊತೆಗೆ ಬಿಸಿಯಾಗುವ ಮೊದಲೇ ಆಫ್ ಮಾಡಿದ ಇಂಜಿನ್ನಿನ ಆಯಿಲ್‌ನಲ್ಲಿ ನೀರಿನಂಶ ಉಳಿಯುತ್ತದೆ. ಇಪ್ಪತ್ತು ಮೂವತ್ತು ಕಿಲೋಮೀಟರ್ ಓಡಿಸಿ ಬರುವುದಾದರೆ ಸರಿ. ಅದಾಗದಿದ್ದರೆ ಸ್ಟಾರ್ಟ್ ಮಾಡದಿರುವುದೇ ಮೇಲು.

ಬ್ಯಾಟರಿ ಇಳಿದರೆ ಮತ್ತೆ ಏರಿಸಿದರಾಯಿತಲ್ಲ ಎಂದರೆ, ಇಳಿದ ಸ್ಥಿತಿಯಲ್ಲೇ ಬಿದ್ದಿರುವುದರಲ್ಲಿದೆ ತೊಂದರೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಮಾಡಿದ ಸೀಸ-ಆಸಿಡ್ ಬ್ಯಾಟರಿಯ ಮೂಲಕ್ರಿಯೆ ಇಂದಿಗೂ ಅದೇ. ಕರೆಂಟ್ ಕೊಡುವಾಗ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗಿ ಹೋಗುತ್ತದೆ. ಮೊದಮೊದಲು ಅದು ನುಣ್ಣನೆಯ ಪದರ. ವಾರಗಟ್ಟಲೆ ಹಾಗೇ ಬಿಟ್ಟರೆ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ. ಆಮೇಲೆ ಯಾವ ಚಾರ್ಜರ್ ಹಾಕಿದರೂ ಪೂರ್ತಿ ಕರಗುವುದಿಲ್ಲ. ಪ್ಲೇಟಿನ ಅಷ್ಟು ಜಾಗ ಕೆಲಸಕ್ಕಿಲ್ಲ.

ಪ್ಲಗ್‌ಗೆ ಹಾಕಿ ಬ್ಯಾಟರಿಗೆ ಜೋಡಿಸಿಡುವ ಮೇಂಟೇನರ್ ಎಂಬ ಸಣ್ಣ ಪೆಟ್ಟಿಗೆ ಮಾಡುವುದು ಇಷ್ಟೇ: ಸಲ್ಫೇಟ್ ಹಳತಾಗಲು ಬಿಡುವುದಿಲ್ಲ. ಮೊದಲು 14.4 ವೋಲ್ಟ್‌ವರೆಗೆ ಏರಿಸಿ ಪೂರ್ತಿ ತುಂಬಿಸುತ್ತದೆ, ಆಮೇಲೆ 13.5ರ ಹತ್ತಿರ ಇಳಿದು ಸೋರಿದಷ್ಟನ್ನೇ ತುಂಬುತ್ತಾ ಕೂರುತ್ತದೆ. ಗ್ಯಾರೇಜಿನ ಹಳೇ ಕಾಲದ ಚಾರ್ಜರ್‌ಗೆ ಈ ಇಳಿಯುವ ಬುದ್ಧಿ ಇಲ್ಲ. ಅದನ್ನು ವಾರಗಟ್ಟಲೆ ಹಾಕಿಟ್ಟರೆ ನೀರು ಕುದಿದು ಆರುತ್ತದೆ, ಪಾಸಿಟಿವ್ ಪ್ಲೇಟಿನ ಜಾಲರಿ ಸವೆಯುತ್ತದೆ.

ಬ್ಯಾಟರಿ ಹೇಗಿದೆಯೆಂದು ತಿಳಿಯಲು ಚಾರ್ಜ್ ನಿಲ್ಲಿಸಿ ಒಂದು ರಾತ್ರಿ ಬಿಟ್ಟು ಮೀಟರ್ ಇಡಿ. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ತಳ ಕಂಡಿದೆ. 10.5ರ ಸುತ್ತ ನಿಂತು ಮೇಲೇಳದಿದ್ದರೆ ಆರು ಸೆಲ್‌ಗಳಲ್ಲಿ ಒಂದು ಶಾರ್ಟ್ ಆಗಿರುವ ಸಂಭವ ಹೆಚ್ಚು. ಅಂಥದ್ದಕ್ಕೆ ಮೇಂಟೇನರ್ ಹಾಕಬೇಡಿ; ತುಂಬದ ಕೊಡಕ್ಕೆ ನೀರು ಹೊಯ್ದಂತೆ ಅದು ಕರೆಂಟ್ ದೂಡುತ್ತಲೇ ಇರುತ್ತದೆ, ಬ್ಯಾಟರಿ ಬಿಸಿಯಾಗುತ್ತದೆ. ಅರ್ಧ ಇಳಿದ ಬ್ಯಾಟರಿಗೆ 1 ಆಂಪಿಯರ್‌ನ ಮೇಂಟೇನರ್ ಹಾಕಿದರೆ ತುಂಬಲು ಎರಡು ದಿನ ಹಿಡಿಯುತ್ತದೆ. ಪಿಕಪ್ಪಿಗೆ 3–4 ಆಂಪಿಯರ್‌ನದು ಹಿತ. ಅದಕ್ಕೂ ಎರಡು ದಿನವಾದರೂ ‘ತುಂಬಿದೆ’ ಎನ್ನುವ ಹಸಿರು ದೀಪ ಬರದಿದ್ದರೆ ಬ್ಯಾಟರಿಯನ್ನೇ ಅನುಮಾನಿಸಬೇಕು.

ಮಲೆನಾಡಿಗೆ ಕೊಳ್ಳುವಾಗ ಆಂಪಿಯರ್‌ಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: ಕರೆಂಟ್ ಹೋಗಿ ಬಂದ ಮೇಲೆ ಅದು ತಾನಾಗಿ ಶುರುವಾಗುತ್ತದೆಯೇ? ಶರಾವತಿ ನೀರಿನಿಂದ ನಾಡಿಗೆಲ್ಲ ವಿದ್ಯುತ್ ಕೊಟ್ಟ ಸೀಮೆಯಲ್ಲೇ ಜುಲೈನಲ್ಲಿ ಮರ ಬಿದ್ದು ಲೈನ್ ಹರಿದರೆ ಎರಡು ದಿನ ಕತ್ತಲೆ. ಬಟನ್ ಒತ್ತಿ ಮೋಡ್ ಆರಿಸುವ ಕೆಲವು ಪೆಟ್ಟಿಗೆಗಳು ಕರೆಂಟ್ ಬಂದ ಮೇಲೂ ಸುಮ್ಮನೆ ಕೂತಿರುತ್ತವೆ. ಕೆಲವು ಅಗ್ಗದವು ಕರೆಂಟ್ ಇಲ್ಲದಾಗ ಬ್ಯಾಟರಿಯಿಂದಲೇ ಒಂದಿಷ್ಟು ಮಿಲಿಆಂಪಿಯರ್ ಹಿಂದಕ್ಕೆ ಎಳೆಯುತ್ತವೆ. ಮನೆಗೆ ತಂದ ದಿನವೇ ಪ್ಲಗ್ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿ. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಲ್ಲಿ ವೋಲ್ಟೇಜ್ 170ಕ್ಕಿಳಿಯುವುದುಂಟು, ಆದ್ದರಿಂದ 100ರಿಂದ 240 ವೋಲ್ಟ್‌ವರೆಗೆ ನಡೆಯುವಂಥದ್ದು ಒಳ್ಳೆಯದು. ಏಪ್ರಿಲ್-ಮೇ ತಿಂಗಳ ಗುಡುಗು ಸಿಡಿಲಿಗೆ ಮಾತ್ರ ಪ್ಲಗ್ ಕೀಳುವುದೊಂದೇ ಉಪಾಯ.

ಸೋಲಾರ್ ಮೇಂಟೇನರ್ ಬಗ್ಗೆ ಕೇಳುವವರಿದ್ದಾರೆ. ಅಡಿಕೆ ಮರದ ನೆರಳು, ಆಗುಂಬೆ ಕಡೆಯ ಆಷಾಢದ ಮೋಡ. ಬೇಡ.

ಜೋಡಿಸುವ ಕ್ರಮ ಹೀಗೆ. ಪ್ಲಗ್ ಕಿತ್ತಿರಲಿ. ಮೊದಲು ಕೆಂಪು ವೈರ್ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಕಪ್ಪು ವೈರ್ ಬ್ಯಾಟರಿಯಿಂದ ದೂರದ, ಬಣ್ಣವಿಲ್ಲದ ಇಂಜಿನ್ ಲೋಹಕ್ಕೆ ಅಥವಾ ಚಾಸಿಗೆ, ಕೊನೆಗೆ ಸ್ವಿಚ್. ಬಿಚ್ಚುವಾಗ ಇದರ ತಿರುಗುಮುರುಗು. ಕಾರಣ ಕಿಡಿ: ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು 4% ಆದರೂ ಸಾಕು, ಹೊತ್ತಿಕೊಳ್ಳುತ್ತದೆ. ಮೂರು ತಿಂಗಳಿಗಾದರೆ ಕ್ಲಿಪ್‌ಗಿಂತ ನಟ್ಟಿನಡಿ ಕೂರುವ ರಿಂಗ್ ವೈರ್ ವಾಸಿ. ಅದರಲ್ಲಿ ಬ್ಯಾಟರಿಯ ಹತ್ತಿರವೇ 7.5 ಅಥವಾ 10 ಆಂಪಿಯರ್ ಫ್ಯೂಸ್ ಇರಲೇಬೇಕು. ಶೆಡ್ಡಿನ ಇಲಿಗಳು ವೈರನ್ನು ಬಿಡುವುದಿಲ್ಲ. ಪೆಟ್ಟಿಗೆಯನ್ನು ಒದ್ದೆ ನೆಲದ ಮೇಲಿಡದೆ ಗೋಡೆಗೆ ತೂಗುಹಾಕಿ. ‘ರಿಪೇರಿ’ ಎಂಬ ಮೋಡ್ ಇದ್ದರೆ ಗಾಡಿಯ ವೈರುಗಳು ಕೂಡಿರುವಾಗ ಒತ್ತಬೇಡಿ. ಅದು 15 ವೋಲ್ಟ್ ದಾಟಬಲ್ಲದು, ಕಂಪ್ಯೂಟರಿಗೆ ಅಪಾಯ.

ಟಾಟಾ ಏಸ್, ಬೊಲೆರೊ ಪಿಕಪ್‌ಗಳು 12 ವೋಲ್ಟ್‌ನವು. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಸಾಲಾಗಿ ಸೇರಿ 24. ಅದಕ್ಕೆ 24ರದೇ ಮೇಂಟೇನರ್ ಬೇಕು, ಇಲ್ಲವೇ ಒಂದೊಂದು ಬ್ಯಾಟರಿಗೆ ಒಂದೊಂದು 12ರದು. ಸ್ಟೀರಿಯೊಗಾಗಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿರುವ ಲಾರಿಗಳು ಬಹಳ. ಆ ಬ್ಯಾಟರಿ ಸದಾ ಹಸಿದಿರುತ್ತದೆ, ಜೊತೆಯದು ಅತಿಯಾಗಿ ಉಂಡು ಕೆಡುತ್ತದೆ. ಅಂಥ ಕಡೆ ಎರಡು ಬೇರೆ ಮೇಂಟೇನರ್‌ಗಳೇ ಸರಿ.

ನೀರಿನ ವಿಷಯದಲ್ಲಿ ನಮ್ಮ ಕಡೆ ಒಂದು ನಂಬಿಕೆ: ಮಳೆನೀರು ಶುದ್ಧ, ಬ್ಯಾಟರಿಗೆ ಹಾಕಬಹುದು. ತಗಡಿನ ಮಾಡಿನಿಂದ ಇಳಿದ ನೀರಲ್ಲಿ ಕಬ್ಬಿಣದಂಶವಿರುತ್ತದೆ, ಅದು ಬ್ಯಾಟರಿಯೊಳಗೆ ಸೋರಿಕೆ ಹೆಚ್ಚಿಸುತ್ತದೆ. ತಾಮ್ರವೂ ಹಾಗೆಯೇ. ಆದ್ದರಿಂದ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ (ತಾಮ್ರದ ಸಲ್ಫೇಟ್) ಕದಡಿದ ಬಕೆಟ್, ಆಲಿಕೆಗಳನ್ನು ಬ್ಯಾಟರಿಯ ಹತ್ತಿರ ತರಬೇಡಿ. ಡಿಸ್ಟಿಲ್ಡ್ ವಾಟರ್‌ಗೆ ಬೇರೆ ಆಲಿಕೆ ಇರಲಿ. ಪ್ಲೇಟು ಕಾಣುತ್ತಿದ್ದರೆ ಅದು ಮುಳುಗುವಷ್ಟು ಮಾತ್ರ ಮೊದಲು ಹಾಕಿ, ಗುರುತಿನವರೆಗೆ ತುಂಬುವುದು ಚಾರ್ಜ್ ಆದ ಮೇಲೆ. ಮೊದಲೇ ತುಂಬಿದರೆ ಉಕ್ಕಿ ಆಸಿಡ್ ಮೇಲೆ ಬರುತ್ತದೆ.

ಬ್ಯಾಟರಿಯ ತಲೆಯ ಮೇಲಿನ ಕೆಸರು, ತೇವ, ಆಸಿಡ್ ಸೇರಿದ ಪದರವೂ ಕರೆಂಟ್ ಒಯ್ಯುತ್ತದೆ. ವೋಲ್ಟ್‌ಮೀಟರ್‌ನ ಒಂದು ಕಡ್ಡಿ ನೆಗೆಟಿವ್‌ಗೆ, ಇನ್ನೊಂದು ಆ ಪ್ಲಾಸ್ಟಿಕ್ ಮೈಗೆ ಮುಟ್ಟಿಸಿದರೆ ಅಂಕಿ ಕಾಣುತ್ತದೆ. ಮುಚ್ಚಳ ಬಿಗಿಯಾಗಿ ಹಾಕಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಿಂದ ಒರೆಸಿ, ಒಣಗಿಸಿ, ಟರ್ಮಿನಲ್‌ಗೆ ವ್ಯಾಸಲೀನ್ ಹಚ್ಚಿ.

ಕರೆಂಟ್ ಬಿಲ್ಲಿನ ಚಿಂತೆ ಬೇಡ: 5 ವ್ಯಾಟ್ ಎಳೆದರೆ ತಿಂಗಳಿಗೆ 3.6 ಯುನಿಟ್. ಚಿಂತೆ ಮಾಡಬೇಕಾದ್ದು, ವೈರ್ ಬಿಚ್ಚದೆಯೇ ಗಾಡಿ ಹೊರಡಿಸುವವರ ಬಗ್ಗೆ. ಗಾಡಿಯ ಕೀಯನ್ನು ಮೇಂಟೇನರ್ ಪ್ಲಗ್ ಇರುವ ಸ್ವಿಚ್ ಬೋರ್ಡಿನ ಪಕ್ಕ ಮೊಳೆ ಹೊಡೆದು ಅಲ್ಲೇ ನೇತುಹಾಕಿಡಿ.