ಫ್ರಿಜ್ ಯಾವತ್ತೂ 4 ಡಿಗ್ರಿಯಲ್ಲೇ ಇರುತ್ತಾ?

ಹೋಟೆಲ್ ಅಡುಗೆಮನೆಯ ತಪಾಸಣೆಗೆ ಹೋದರೆ ನಾನು ಮೊದಲು ನೋಡುವುದು ಒಲೆಯನ್ನಲ್ಲ, ಫ್ರಿಜ್ಜಿನ ಬಾಗಿಲಿಗೆ ನೇತುಹಾಕಿದ ಹಾಳೆಯನ್ನು. ಒಳಗೆ ಎಷ್ಟು ಡಿಗ್ರಿ ಇದೆ ಎಂದು ಬೆಳಿಗ್ಗೆ, ಸಂಜೆ ಬರೆಯುವ ಹಾಳೆ ಅದು. ಬೆಂಗಳೂರಿನ ಒಂದು ದರ್ಶಿನಿಯಲ್ಲಿ ಇಡೀ ತಿಂಗಳು 4, 4, 4 ಎಂದೇ ಇತ್ತು. ಒಂದೇ ಪೆನ್ನು, ಒಂದೇ ಕೈಬರಹ. ಹಿಂದಿನ ವಾರ ಒಂದು ದಿನ ಮಧ್ಯಾಹ್ನ ಪೂರ್ತಿ ಕರೆಂಟ್ ಇರಲಿಲ್ಲ ಎಂದು ಕೌಂಟರಿನ ಹುಡುಗ ಸುಮ್ನೆ ಮಾತಿಗೆ ಹೇಳಿದ. ಆ ದಿನವೂ 4! ನನ್ನ ಥರ್ಮಾಮೀಟರ್ ಇಟ್ಟು ನೋಡಿದೆ, 11 ತೋರಿಸಿತು. ಒಳಗಿದ್ದದ್ದು ಕಾಯಿಚಟ್ನಿ, ಪನೀರ್, ಬೇಯಿಸಿದ ಆಲೂಗಡ್ಡೆ.

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೋಟೆಲುಗಳಿಗೆಂದು ಮಾಡಿರುವ ತಪಾಸಣೆ ಪಟ್ಟಿಗೆ ಒಟ್ಟು 114 ಅಂಕ. ಆದರೆ ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. ಕೆಲವಕ್ಕೆ ನಕ್ಷತ್ರದ ಗುರುತಿದೆ. ಅವುಗಳಲ್ಲಿ ಒಂದು ತಪ್ಪಿದರೂ ಉಳಿದ ಅಂಕ ಎಷ್ಟೇ ಬಂದಿರಲಿ, ಹೋಟೆಲ್ ಫೇಲ್. ತಣ್ಣಗಿಡುವ ಪದಾರ್ಥ 5 ಡಿಗ್ರಿ ದಾಟಬಾರದು, ಬಿಸಿಯಾಗಿ ಬಡಿಸುವ ಸಸ್ಯಾಹಾರ 65ಕ್ಕಿಂತ, ಮಾಂಸಾಹಾರ 70ಕ್ಕಿಂತ ಕೆಳಗಿಳಿಯಬಾರದು ಎನ್ನುವುದು ಅಂಥದ್ದು. ಗೋಡೆಯ ಟೈಲ್ ಒಡೆದಿದ್ದರೆ ಅಂಕ ಹೋಗುತ್ತದೆ ಅಷ್ಟೇ, ಅದರಿಂದ ಯಾರಿಗೂ ವಾಂತಿಯಾಗುವುದಿಲ್ಲ. ಮಾಲೀಕರು ಮಾತ್ರ ಟೈಲ್ಸ್‌ಗೇ ಜಾಸ್ತಿ ಖರ್ಚು ಮಾಡುತ್ತಾರೆ.

ಕರಿದ ಎಣ್ಣೆಯದೂ ಇದೇ ಕಥೆ. ಮತ್ತೆ ಮತ್ತೆ ಕಾಯಿಸಿದಂತೆ ಅದರಲ್ಲಿ ಪೋಲಾರ್ ಸಂಯುಕ್ತಗಳು, ಅಂದರೆ ಎಣ್ಣೆ ಕೆಡುತ್ತಾ ಹೋದಂತೆ ಹುಟ್ಟುವ ವಸ್ತುಗಳು, ಹೆಚ್ಚುತ್ತವೆ, ಅವು 25 ಶೇಕಡಾ ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ಲೆಕ್ಕ ಬರೆದಿಡಬೇಕು. ಎಷ್ಟು ಬಂತು, ಎಷ್ಟು ಹೊರಗೆ ಹೋಯಿತು ಎಂದು. ಹೊರಗೆ ಹೋದದ್ದು ಸೊನ್ನೆ ಎಂದಿದ್ದರೆ ಹಳೆ ಎಣ್ಣೆ ಎಲ್ಲಿ ಹೋಯಿತು? ವಡೆಯೊಳಗೇ ಅಲ್ವಾ!

ಇನ್ನೊಂದು ಕಡೆ, ಬಸ್ ನಿಲ್ದಾಣದ ಪಕ್ಕದ ಸಣ್ಣ ಚಾಟ್ಸ್ ಅಂಗಡಿ. ಹಾಳೆಯಲ್ಲಿ ಒಂದು ದಿನ 9 ಎಂದಿತ್ತು. ಪಕ್ಕದಲ್ಲೇ ವಕ್ರವಕ್ರ ಅಕ್ಷರದಲ್ಲಿ, ‘ಮೊಸರು ಎಸೆದೆವು. ಬಾಗಿಲಿನ ರಬ್ಬರ್ ಹೋಗಿದೆ’. ಎರಡು ದಿನ ಬಿಟ್ಟು ರಿಪೇರಿಯ ಬಿಲ್ ಪಿನ್ ಮಾಡಿದ್ದರು. ‘ಸಾರ್, ಇದನ್ನ ಬರೆದಿಟ್ಟಿದ್ದಕ್ಕೆ ಮಾರ್ಕ್ಸ್ ಕಟ್ ಆಗುತ್ತಾ?’ ಎಂದು ಮಾಲೀಕರು ಹೆದರುತ್ತಾ ಕೇಳಿದರು. ಇಲ್ಲ ಎಂದೆ. ಇಂಥ ಹಾಳೆ ನನಗೆ ಸಿಗುವುದು ಅಪರೂಪ.

ಗ್ರಾಹಕರಿಗೆ ಆ ಹಾಳೆ ಕಾಣುವುದಿಲ್ಲ, ನಿಜ. ಸ್ವಚ್ಛತೆಯ ಮಟ್ಟವನ್ನು ನಗುಮುಖಗಳಲ್ಲಿ ತೋರಿಸುವ ಹೈಜೀನ್ ರೇಟಿಂಗ್ ಫಲಕ ಹಾಕಿದ್ದರೆ, ಅವನ್ನು ಎಣಿಸುವ ಮೊದಲು ಫಲಕದ ತಾರೀಖು ನೋಡಿ. ಆಮೇಲೆ ಕೆಲಸದವರು ಕೈ ತೊಳೆಯುವ ಸಿಂಕ್ ಕಡೆ ಒಮ್ಮೆ ಇಣುಕಿ. ಬೆಳಿಗ್ಗೆ ಒಂಬತ್ತಕ್ಕೆ, ತಿಂಡಿಗೆ ಜನ ಮುಗಿಬಿದ್ದಿದ್ದಾಗ, ಆ 4 ಡಿಗ್ರಿ ದರ್ಶಿನಿಯ ಸೋಪು ಒಣಗಿ ಬಿರುಕು ಬಿಟ್ಟಿತ್ತು.