ಮಾತಾಡದ ರೋಗಿಯ ಹೊಟ್ಟೆಯೊಳಗೆ ಒಂದು ಇಣುಕು ನೋಟ

ಕಾಳುಮೆಣಸಿನ ಕೊಯ್ಲಿನ ದಿನಗಳಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಸಿಲ್ವರ್ ಮರದ ಏಣಿಯಿಂದ ಜಾರಿ ಬಿದ್ದವರು ಚಿಕ್ಕಮಗಳೂರಿನದೋ ಹಾಸನದ್ದೋ ಐಸಿಯು ಸೇರುವುದು ಹೊಸದಲ್ಲ. ಅಂಥ ಒಬ್ಬರನ್ನು ಊಹಿಸಿಕೊಳ್ಳಿ. ಪಕ್ಕೆಲುಬು ಮುರಿದಿದೆ, ಬಾಯಲ್ಲಿ ವೆಂಟಿಲೇಟರ್ ನಳಿಕೆ, ನಿದ್ದೆಯ ಔಷಧಿ ಹರಿಯುತ್ತಿದೆ. ಮೂರನೇ ದಿನ ಜ್ವರ ಏರುತ್ತದೆ, ಬಿ.ಪಿ. ಇಳಿಯುತ್ತದೆ, ಅಂಗಗಳಿಗೆ ಆಮ್ಲಜನಕ ಸಾಲದಾಗ ಏರುವ ಲ್ಯಾಕ್ಟೇಟ್ ರಕ್ತದಲ್ಲಿ ಹೆಚ್ಚುತ್ತದೆ, ಹೊಟ್ಟೆ ಉಬ್ಬುತ್ತದೆ. ಕರುಳು ಎಲ್ಲಾದರೂ ತೂತಾಗಿದೆಯೇ? ಸರ್ಜನ್ ಮೊದಲು ಮಾಡುವುದು ಹೊಟ್ಟೆ ಅದುಮಿ ‘ಇಲ್ಲಿ ನೋವಾ?’ ಎಂದು ಕೇಳುವುದು. ಇಲ್ಲಿ ಉತ್ತರ ಕೊಡುವವರೇ ನಿದ್ದೆಯಲ್ಲಿದ್ದಾರೆ.

ಸಿಟಿ ಸ್ಕ್ಯಾನ್ ಮಾಡಿಸಬಹುದು, ಹೆಚ್ಚಿನವರಿಗೆ ಅದೇ ಸರಿಯಾದ ದಾರಿ. ಸ್ಕ್ಯಾನ್‌ಗೆ ಹಿಡಿಯುವುದು ಕೆಲವೇ ನಿಮಿಷ, ಕಷ್ಟವಿರುವುದು ಸಾಗಿಸುವುದರಲ್ಲಿ. ಮಂಚದ ಜೊತೆ ಆಕ್ಸಿಜನ್ ಸಿಲಿಂಡರ್, ವೆಂಟಿಲೇಟರ್, ಮಾನಿಟರ್, ಬಿ.ಪಿ. ಹಿಡಿದಿರುವ ಸಿರಿಂಜ್ ಪಂಪುಗಳು ಎಲ್ಲವೂ ಲಿಫ್ಟ್ ಹತ್ತಬೇಕು. ಒಂದು ತಿರುವಿನಲ್ಲಿ ನಳಿಕೆ ಜಾರಿದರೆ ಸಾಕು, ಅನಾಹುತ. ಮಂಚದ ಬಳಿಯೇ ಅಲ್ಟ್ರಾಸೌಂಡ್ ಮಾಡಬಹುದು. ಆದರೆ ಕರುಳಿನ ತುಂಬ ಗಾಳಿ ಇದ್ದಾಗ ಅದಕ್ಕೆ ಹೆಚ್ಚೇನೂ ಕಾಣುವುದಿಲ್ಲ. ಸುಮ್ಮನೆ ಹೊಟ್ಟೆ ಸೀಳಿ ನೋಡಿ, ಒಳಗೆ ಏನೂ ಇಲ್ಲ ಎಂದಾದರೆ, ಆ ದೊಡ್ಡ ಗಾಯವೇ ಉಸಿರಾಟಕ್ಕೆ ಇನ್ನೊಂದು ಹೊರೆ. ಈ ಇಕ್ಕಟ್ಟಿಗೆ ಇರುವ ಉಪಾಯ ಐಸಿಯು ಮಂಚದ ಮೇಲೆಯೇ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸಿ, ಸಣ್ಣ ತೂತಿನಿಂದ ದುರ್ಬೀನು ಇಳಿಸಿ ಒಳಗೆ ನೋಡುವುದು.

ಮೊದಲು ಮೂಗಿನಿಂದ ಜಠರಕ್ಕೆ ಇಳಿಸಿದ ರೈಲ್ಸ್ ಟ್ಯೂಬಿನಿಂದ ಹೊಟ್ಟೆ ಬರಿದು ಮಾಡಿ, ಮೂತ್ರಕೋಶಕ್ಕೆ ಕ್ಯಾತೆಟರ್ ಇದೆಯೇ ಎಂದು ನೋಡಿಕೊಳ್ಳುತ್ತಾರೆ. ನಿದ್ದೆ ಗಾಢವಾಗಿಸಿ, ಸ್ನಾಯು ಸಡಿಲಿಸುವ ಮದ್ದು ಕೊಡುತ್ತಾರೆ. ಗಾಳಿ ತುಂಬಿದ ಹಾಸಿಗೆಯನ್ನು ಗಟ್ಟಿಯಾಗಿಸಬೇಕು, ಇಲ್ಲದಿದ್ದರೆ ಒತ್ತಿದಷ್ಟೂ ರೋಗಿ ಕೆಳಗೆ ಕುಸಿಯುತ್ತಾರೆ. ಹೊಕ್ಕುಳ ಬಳಿ ಮರಗಟ್ಟಿಸುವ ಚುಚ್ಚುಮದ್ದು, ನಂತರ ಒಂದೂವರೆ ಸೆಂಟಿಮೀಟರ್ ಸೀಳು.

ಗಾಳಿ ತುಂಬಲು ವೆರೆಸ್ ಸೂಜಿಯನ್ನು ಕಣ್ಣುಮುಚ್ಚಿ ಚುಚ್ಚುವ ಕ್ರಮವಿದೆ. ಉಬ್ಬಿದ ಕರುಳು ಹೊಟ್ಟೆಯ ಗೋಡೆಗೆ ಒತ್ತಿಕೊಂಡಿರುವಾಗ ಆ ಸೂಜಿಯೇ ತೂತು ಮಾಡೀತು. ಹಾಗಾಗಿ ಪದರ ಪದರವಾಗಿ ಬಿಡಿಸಿ, ಕಣ್ಣಾರೆ ಕಂಡು, ಮೊಂಡು ತುದಿಯ ಕೊಳವೆ ಇಳಿಸುವುದೇ ಇಲ್ಲಿ ಕ್ಷೇಮ. 1971ರಲ್ಲಿ ಇದನ್ನು ವಿವರಿಸಿದ ಸ್ತ್ರೀರೋಗ ತಜ್ಞರ ಹೆಸರು ಹ್ಯಾಸನ್. ನಮ್ಮ ಹಾಸನಕ್ಕೂ ಅವರಿಗೂ ನಂಟಿಲ್ಲ.

ಒಳಗೆ ಬಿಡುವುದು ಕಾರ್ಬನ್ ಡೈಆಕ್ಸೈಡ್, ನಿಮಿಷಕ್ಕೆ ಒಂದೆರಡು ಲೀಟರಿನಂತೆ, ನಿಧಾನವಾಗಿ. ಆಪರೇಷನ್ ಥಿಯೇಟರಿನಲ್ಲಿ ಒತ್ತಡ 12ರಿಂದ 15 ಮಿಲಿಮೀಟರ್ ಪಾದರಸ, ಐಸಿಯು ರೋಗಿಗೆ 8ರಿಂದ 10 ಸಾಕು. ಇಲ್ಲೊಂದು ಎಡವಟ್ಟಿದೆ: ಗ್ಯಾಸ್ ಯಂತ್ರದ ಲೆಕ್ಕ ಪಾದರಸದಲ್ಲಿ, ವೆಂಟಿಲೇಟರಿನ ಲೆಕ್ಕ ಸೆಂಟಿಮೀಟರ್ ನೀರಿನಲ್ಲಿ. ಅಲ್ಲಿಯ 10 ಎಂದರೆ ಇಲ್ಲಿಯ 13.6. ಈ ಒತ್ತಡ ಎದೆ-ಹೊಟ್ಟೆಯ ನಡುವಿನ ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಶ್ವಾಸಕೋಶ ಬಿಗಿಯಾಗುತ್ತದೆ, ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಹೀರಿಕೊಂಡ ಗ್ಯಾಸ್ ರಕ್ತ ಸೇರುವುದರಿಂದ ಉಸಿರಿನ ವೇಗವನ್ನೂ ಹೆಚ್ಚಿಸಬೇಕಾಗುತ್ತದೆ. ಹೊಟ್ಟೆಯ ಪೊರೆ ಹಿಗ್ಗಿದೊಡನೆ ನಾಡಿ ದಿಢೀರನೆ ಇಳಿದರೆ ಮೊದಲು ಗ್ಯಾಸನ್ನು ಹೊರಬಿಡಬೇಕು, ನಾಡಿ ಏರಿಸುವ ಅಟ್ರೋಪಿನ್ ಮದ್ದು ಆಮೇಲೆ.

5 ಮಿಲಿಮೀಟರಿನ, ತುದಿ 30 ಡಿಗ್ರಿ ಓರೆಯಾದ ದುರ್ಬೀನನ್ನು ಬಿಸಿನೀರಲ್ಲಿ ಅದ್ದಿ ಒಳಗೆ ಬಿಡುತ್ತಾರೆ, ಇಲ್ಲವಾದರೆ ಗಾಜಿಗೆ ಮಂಜು ಕವಿಯುತ್ತದೆ. ಬೆಳಕಿನ ಕೇಬಲನ್ನು ಹೊತ್ತಿಸಿಟ್ಟು ಹೊದಿಕೆಯ ಮೇಲೆ ಮರೆತರೆ ಬಟ್ಟೆ ಸುಡುತ್ತದೆ. ಇನ್ನೊಂದು ತೂತಿನಿಂದ ಇಕ್ಕಳ ಹಾಕಿ ಕರುಳನ್ನು ಗೇಣು ಗೇಣಾಗಿ ಸರಿಸಿ ನೋಡಬೇಕು. ಆರೋಗ್ಯದ ಕರುಳು ನಸುಗೆಂಪು, ಹೊಳೆಯುತ್ತದೆ, ಮುಟ್ಟಿದರೆ ಮಿಸುಕುತ್ತದೆ. ರಕ್ತ ನಿಂತ ಕರುಳು ಮಂಕಾಗಿ, ನೇರಳೆಯಾಗಿ, ಕೊನೆಗೆ ಕಪ್ಪಾಗುತ್ತದೆ. ಹಸಿರು ದ್ರವ ಪಿತ್ತದ ಸೋರಿಕೆ ಹೇಳುತ್ತದೆ, ದುರ್ನಾತದ ಕಂದು ದ್ರವ ದೊಡ್ಡ ಕರುಳಿನದು. ವಾರಗಟ್ಟಲೆ ಬಾಯಿಗೆ ಆಹಾರವಿಲ್ಲದೆ ಮಲಗಿದವರಲ್ಲಿ ಕಲ್ಲಿಲ್ಲದೆಯೂ ಪಿತ್ತಕೋಶ ಊದಿ ಕೊಳೆಯುವುದುಂಟು. ಅದನ್ನು ಹುಡುಕಲು ಈ ಪರೀಕ್ಷೆಯಷ್ಟು ನೇರವಾದದ್ದು ಕಡಿಮೆ.

ಕಾಣದ್ದೂ ಬಹಳ. ಮೇದೋಜೀರಕ, ಮೂತ್ರಪಿಂಡ ಹಿಂಬದಿಯಲ್ಲಿ ಅಡಗಿವೆ. ರಕ್ತ ಕಡಿಮೆಯಾದಾಗ ಕರುಳಿನ ಒಳಪದರ ಮೊದಲು ಸಾಯುತ್ತದೆ. ಆಗ ಹೊರಮೈ ಇನ್ನೂ ಚೆನ್ನಾಗಿಯೇ ಕಂಡೀತು. ಅನುಮಾನ ಉಳಿದರೆ ಒಂದೆರಡು ದಿನದೊಳಗೆ ಮತ್ತೆ ನೋಡಬೇಕು. ಏಣಿಯಿಂದ ಬಿದ್ದವರ ತಲೆಗೂ ಪೆಟ್ಟಾಗಿದ್ದರೆ ಈ ದಾರಿ ಬೇಡ, ಹೊಟ್ಟೆಯ ಒತ್ತಡ ಮಿದುಳಿನ ಒತ್ತಡವನ್ನೂ ಏರಿಸುತ್ತದೆ. ಕೊಪ್ಪ, ನರಸಿಂಹರಾಜಪುರದ ಕಡೆಯಿಂದ ಮಂಗನ ಕಾಯಿಲೆಯಲ್ಲಿ ಬಂದವರ ಪ್ಲೇಟ್‌ಲೆಟ್ ಕುಸಿದಿದ್ದರೆ ಸಣ್ಣ ತೂತೂ ರಕ್ತ ಸುರಿಸುತ್ತದೆ. ಹಳೆಯ ಆಪರೇಷನ್‌ಗಳಿಂದ ಕರುಳು ಅಂಟಿಕೊಂಡಿದ್ದರೂ ಕಷ್ಟವೇ.

ಇದರ ಬೆಲೆ ಇರುವುದು ಹೆಚ್ಚಾಗಿ ‘ಇಲ್ಲ’ ಎಂಬ ಉತ್ತರದಲ್ಲಿ. ಒಳಗೆ ಎಲ್ಲ ಸರಿ ಎಂದು ಕಂಡರೆ ಗ್ಯಾಸನ್ನು ಪೂರ್ತಿ ಹೊರಬಿಟ್ಟು, ಹೊಕ್ಕುಳ ತೂತಿನ ಒಳಪದರಕ್ಕೆ ಹೊಲಿಗೆ ಹಾಕುತ್ತಾರೆ. ಹಾಕದಿದ್ದರೆ ಮುಂದೆ ಅಲ್ಲೇ ಹರ್ನಿಯಾ. ‘ಹೊಟ್ಟೆ ಚೆನ್ನಾಗಿದ್ರೆ ಜ್ವರ ಯಾಕೆ ಡಾಕ್ಟ್ರೇ?’ ಎಂದು ಮನೆಯವರು ಕೇಳುತ್ತಾರೆ. ಆ ಹುಡುಕಾಟ ಆಗ ಶ್ವಾಸಕೋಶದ ಕಫಕ್ಕೆ, ಕುತ್ತಿಗೆಯ ಸೂಜಿಗೆ, ಕ್ಯಾತೆಟರಿನ ಮೂತ್ರಕ್ಕೆ ತಿರುಗುತ್ತದೆ.