ಸಹಿ ಹಾಕಿದ್ದು ಮಗ, ಪೆಟ್ಟಾಗಿದ್ದು ಅಪ್ಪನಿಗೆ

ಊರಿಂದ ಅಪ್ಪ ಅಮ್ಮ ಬಂದರೆ ಆರ್‌ವಿ, ಅಂದರೆ ಮಲಗಲು, ಅಡುಗೆಗೆ ಜಾಗವಿರುವ ಮನೆಯಂಥ ಗಾಡಿ, ಬಾಡಿಗೆಗೆ ತಗೊಂಡು ಸುತ್ತಾಡಿಸುವ ಕನ್ನಡದ ಮನೆಗಳು ಕ್ಯಾಲಿಫೋರ್ನಿಯಾದಲ್ಲಿವೆ. ಸಂಜೆ ಈ ಗಾಡಿಗಳು ರಾತ್ರಿ ತಂಗುವ ಪಾರ್ಕ್ ಮುಟ್ಟುವಷ್ಟರಲ್ಲಿ ಎಲ್ಲರಿಗೂ ಸುಸ್ತು. ಕೌಂಟರಿನಲ್ಲಿ ಟ್ಯಾಬ್ಲೆಟ್ ಮುಂದಿಡುತ್ತಾರೆ. 'ಏನೇ ಆದರೂ ಪಾರ್ಕ್ ಹೊಣೆಯಲ್ಲ' ಎಂದು ಬರೆಸಿಕೊಳ್ಳುವ ಪತ್ರಕ್ಕೆ, ಅಂದರೆ ವೇವರ್‌ಗೆ, ಓದದೇ ಬೆರಳಲ್ಲಿ ಗೀಚಿಬಿಡುತ್ತೇವೆ.

ನನ್ನ ಹತ್ತಿರ ಬಂದ ಒಂದು ಕುಟುಂಬದ ವಿಷಯ ಹೇಳುತ್ತೇನೆ. ಪಾರ್ಕಿನ ಕರೆಂಟ್ ಕಂಬಕ್ಕೆ ಗಾಡಿಯ 30 ಆಂಪ್ ಪ್ಲಗ್ ಹಾಕಿದ್ದಾರೆ. ಅಪ್ಪ ಒದ್ದೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು ಗಾಡಿಯ ಬಾಗಿಲ ಹಿಡಿ ಮುಟ್ಟಿದರು. ಶಾಕ್ ಹೊಡೆದು ಹಿಂದಕ್ಕೆ ಬಿದ್ದರು, ಮಣಿಕಟ್ಟು ಮುರಿಯಿತು. ಕಂಬದಲ್ಲಿ ಅರ್ಥಿಂಗ್ ತಂತಿ ಕಿತ್ತುಹೋಗಿತ್ತು. ಅದಿಲ್ಲದಿದ್ದರೆ ಗಾಡಿಯೊಳಗೆ ಎಲ್ಲೋ ಸೋರುವ ಕರೆಂಟು ಇಡೀ ತಗಡಿನ ಮೈಗೆ ಬರುತ್ತದೆ.

"ಸಹಿ ಹಾಕಿಬಿಟ್ಟಿದ್ದೀನಲ್ಲ ಸಾರ್, ಇನ್ನೇನು ಮಾಡೋಕಾಗುತ್ತೆ?" ಎಂದು ಮಗ ಕೇಳಿದರು.

ಸಹಿ ಯಾರದ್ದು? ಮಗನದ್ದು. ಚಿಕ್ಕ ಮಕ್ಕಳ ಪರವಾಗಿ ಹೆತ್ತವರು ಹಾಕಿದ ಸಹಿಯನ್ನು ಇಲ್ಲಿನ ಕೋರ್ಟುಗಳು ಒಪ್ಪುತ್ತವೆ. ಆದರೆ ಅಪ್ಪ ಒಪ್ಪಿಗೆ ಕೊಡದೆ ಮಗ ಅವರ ಹಕ್ಕನ್ನು ಬರೆದುಕೊಡಲು ಆಗುವುದಿಲ್ಲ. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಕೂರುತ್ತಾರೆ, ನನಗೆ ಸಂಕಟವಾಗುತ್ತದೆ.

ಅಪ್ಪನೇ ಸಹಿ ಹಾಕಿದ್ದರೆ? ಸಣ್ಣಪುಟ್ಟ ಅಜಾಗರೂಕತೆಯಾದರೆ ವೇವರನ್ನು ಕೋರ್ಟು ಸಾಮಾನ್ಯವಾಗಿ ಒಪ್ಪುತ್ತದೆ. ಕನಿಷ್ಠ ಎಚ್ಚರಿಕೆಯನ್ನೂ ವಹಿಸದ ಘೋರ ನಿರ್ಲಕ್ಷ್ಯವಾದರೆ ಒಪ್ಪುವುದಿಲ್ಲ. ಸಾಂಟಾ ಬಾರ್ಬರಾ ನಗರದ ಬೇಸಿಗೆ ಶಿಬಿರದಲ್ಲಿ ಹುಡುಗಿಯೊಬ್ಬಳು ಈಜುಕೊಳದಲ್ಲಿ ಮುಳುಗಿ ತೀರಿಕೊಂಡಳು. ತಾಯಿ ವೇವರ್‌ಗೆ ಸಹಿ ಹಾಕಿದ್ದರು. ಆದರೂ ಘೋರ ನಿರ್ಲಕ್ಷ್ಯದ ಹೊಣೆಯನ್ನು ಮುಂಚಿತವಾಗಿ ಬರೆಸಿಕೊಂಡು ತಪ್ಪಿಸಿಕೊಳ್ಳುವಂತಿಲ್ಲ ಎಂದು 2007ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ನಾನು ಮೊದಲು ಹುಡುಕಿದ್ದು, ಕಂಬ ಕೆಟ್ಟಿದ್ದು ಪಾರ್ಕಿಗೆ ಮೊದಲೇ ಗೊತ್ತಿತ್ತಾ ಎಂಬುದನ್ನು. ಗೊತ್ತಿತ್ತು. ಹಿಂದಿನ ವಾರ ಅಲ್ಲಿ ತಂಗಿದ್ದವರೊಬ್ಬರು ಅದೇ ಕಂಬದ ಬಗ್ಗೆ ದೂರು ಬರೆದುಕೊಟ್ಟಿದ್ದರು.

ಇದೆಲ್ಲ ಕ್ಯಾಲಿಫೋರ್ನಿಯಾದ ಕಾನೂನು. ಬೇರೆ ರಾಜ್ಯದಲ್ಲಿ ಬೇರೆ ಲೆಕ್ಕ.

ಪೆಟ್ಟಾದರೆ ಆಗಲೇ ಜಾಗದ ಫೋಟೋ ತೆಗೆಯಿರಿ, ರಿಪೇರಿಯಾದ ಮೇಲೆ ಏನೂ ಸಿಗುವುದಿಲ್ಲ. ಕಚೇರಿಗೆ ಬಾಯಲ್ಲಿ ಹೇಳಿ ಬರಬೇಡಿ, ಇಮೇಲ್ ಮಾಡಿ. ವೇವರ್‌ನ ಪ್ರತಿ ಕೇಳಿ ಇಟ್ಟುಕೊಳ್ಳಿ. ಖಾಸಗಿ ಪಾರ್ಕಾದರೆ ಕೇಸು ಹಾಕಲು ಸಾಮಾನ್ಯವಾಗಿ 2 ವರ್ಷ ಇರುತ್ತದೆ. ರಾಜ್ಯದ ಅಥವಾ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕ್ಯಾಂಪ್‌ಗ್ರೌಂಡ್ ಆದರೆ 6 ತಿಂಗಳೊಳಗೆ ಪರಿಹಾರ ಕೇಳಿ ಲಿಖಿತ ಕ್ಲೇಮ್ ಕೊಟ್ಟಿರಬೇಕು. ವೀಸಾ ಮುಗಿದು ಅಪ್ಪ ಅಮ್ಮ ಊರಿಗೆ ಹೊರಟರೂ ಆ ಗಡುವು ನಿಲ್ಲುವುದಿಲ್ಲ. ಅವರು ವಿಮಾನ ಹತ್ತುವ ಮುಂಚೆಯೇ ವಕೀಲರನ್ನು ನೋಡಿ.